ಮೊದಲು ಚಕ್ರ ನೋಡಿ, ಬಣ್ಣ ಆಮೇಲೆ: ಓಡಾಡುವ ಮನೆಗೊಂದು ಸ್ಟ್ರಾಲರ್

ಮಗು ಹುಟ್ಟಿದ ಮೇಲೆ ಒಂದೆರಡು ವರ್ಷ ಮನೆಯವರ ಓಡಾಟವೆಲ್ಲ ನಿಲ್ಲಲೇಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮದು ಒಂದೆಡೆ ಕೂರುವ ಮನೆಯಲ್ಲ. ನನ್ನವರು ಬೆಳಗಿನ ಹೊತ್ತು ಲಾಲ್‌ಬಾಗಿನಲ್ಲಿ ಓಡುತ್ತಾರೆ, ನಾನು ಸಂಜೆ ಜಯನಗರದ ಬೀದಿಗಳಲ್ಲಿ ನಡೆಯುತ್ತೇನೆ, ಮಾವನವರಿಗೆ ದಿನಕ್ಕೊಮ್ಮೆ ಪಾರ್ಕಿಗೆ ಹೋಗಿ ಸ್ನೇಹಿತರನ್ನು ಮಾತನಾಡಿಸಿ ಬರದಿದ್ದರೆ ಊಟ ರುಚಿಸುವುದಿಲ್ಲ, ಆಗಾಗ ಎಲ್ಲರೂ ಒಟ್ಟಾಗಿ ಮೈಸೂರಿನ ನನ್ನ ತವರಿಗೆ ರೈಲಿನಲ್ಲಿ ಹೋಗುತ್ತೇವೆ. ಇದರಲ್ಲಿ ಯಾವುದನ್ನೂ ಬಿಡದೆ ಮಗಳನ್ನೂ ಜೊತೆಗೆ ಸೇರಿಸಿಕೊಳ್ಳುವುದು ಹೇಗೆ ಎಂದು ಯೋಚಿಸತೊಡಗಿದಾಗಲೇ ನಮ್ಮ ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿಯ, ಹುಡುಕಾಟ ಶುರುವಾಯಿತು. ಆ ಹುಡುಕಾಟದಲ್ಲಿ ನನಗೆ ಮನದಟ್ಟಾದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ: ಸ್ಟ್ರಾಲರನ್ನು ಅಂಗಡಿಯ ನುಣುಪಾದ ಟೈಲ್ಸ್ ನೆಲದ ಮೇಲೆ ತಳ್ಳಿ ನೋಡಿ ಆರಿಸಬಾರದು, ಅದು ದಿನಾ ಉರುಳಬೇಕಾದ ನೆಲ ಯಾವುದು, ಅದನ್ನು ತಳ್ಳುವ ಕೈಗಳು ಯಾರವು ಎಂಬುದನ್ನು ನೋಡಿ ಆರಿಸಬೇಕು.

ಅತ್ತೆಯವರು ಸುದ್ದಿ ಕೇಳಿದೊಡನೆ, "ಎತ್ತಿಕೊಳ್ಳೋದಕ್ಕೆ ಮನೆ ತುಂಬ ಜನ ಇದ್ದೀವಲ್ಲಮ್ಮ, ಗಾಡಿ ಯಾಕೆ?" ಎಂದರು. ಅದು ನ್ಯಾಯವಾದ ಪ್ರಶ್ನೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಂತೆ, ಜಾತ್ರೆ, ಹೊಲಗಳನ್ನೆಲ್ಲ ಸುತ್ತಿದ ತಲೆಮಾರು ಅವರದು, ಆ ಮೈ ಬಿಸಿಯ ಸುಖವನ್ನು ಯಾವ ಗಾಡಿಯೂ ಕೊಡಲಾರದು. ಆದರೆ ಒಂದು ವರ್ಷದ ಮಗು ಒಂಬತ್ತು ಹತ್ತು ಕಿಲೋ ತೂಗುತ್ತದೆ. ಅಷ್ಟು ಭಾರವನ್ನು ಒಂದೇ ಮಗ್ಗುಲಿಗೆ ಹೊತ್ತು ಒಂದು ಗಂಟೆ ನಡೆಯುವುದು ಹೆರಿಗೆಯಾದ ಸೊಂಟಕ್ಕೂ ಅರವತ್ತು ದಾಟಿದ ಮೊಣಕಾಲಿಗೂ ಸುಲಭವಲ್ಲ. ಎತ್ತಿಕೊಳ್ಳುವುದನ್ನು ಬಿಡಿಸುವುದಕ್ಕಾಗಿ ಅಲ್ಲ, ಎತ್ತಿಕೊಂಡು ಹೋಗಲಾಗದಷ್ಟು ದೂರಕ್ಕೂ ಅವಳನ್ನು ಕರೆದೊಯ್ಯುವುದಕ್ಕಾಗಿ ಗಾಡಿ ಬೇಕು ಎಂದು ನಾನು ವಿವರಿಸಿದಾಗ ಅವರು ಒಪ್ಪಿದರು.

ಇಂದು ಅಂಗಡಿಯಲ್ಲಿ ಕಾಣುವ ಬಗೆಬಗೆಯ ಗಾಡಿಗಳು ಗೊಂದಲ ಹುಟ್ಟಿಸುತ್ತವೆ, ನಿಜ. ಆದರೆ ಅವು ಯಾರ ಅಗತ್ಯಕ್ಕಾಗಿ ಹುಟ್ಟಿದವು ಎಂದು ತಿಳಿದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ. ಇಂಗ್ಲೆಂಡಿನ ವಿಲಿಯಂ ಕೆಂಟ್ 1733ರಲ್ಲಿ ಡೆವನ್‌ಶೈರ್ ಡ್ಯೂಕ್‌ನ ಮಕ್ಕಳಿಗಾಗಿ ರೂಪಿಸಿದ ಗಾಡಿಯನ್ನು ಆಡೋ ಪುಟ್ಟ ಕುದುರೆಯೋ ಎಳೆಯಬೇಕಾಗಿತ್ತು. ಅದು ಅರಮನೆಯ ತೋಟದ ವಿನೋದಕ್ಕಾಗಿ ಹುಟ್ಟಿದ್ದು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರದ ಚೌಕಟ್ಟಿನ ವಿನ್ಯಾಸದಲ್ಲಿ ಕೆಲಸ ಮಾಡಿದ್ದ ಓವೆನ್ ಮ್ಯಾಕ್ಲಾರೆನ್ ಎಂಬ ಎಂಜಿನಿಯರ್, ತಮ್ಮ ಮಗಳು ಪ್ರಾಮ್ ಎಂಬ ಭಾರವಾದ ತೊಟ್ಟಿಲುಗಾಡಿ ಹೊತ್ತು ಪ್ರಯಾಣದಲ್ಲಿ ಪಡುತ್ತಿದ್ದ ಪಾಡನ್ನು ಕಂಡು, 1965ರಲ್ಲಿ ಕೊಡೆಯ ಹಾಗೆ ಮಡಿಚಿಕೊಳ್ಳುವ ಅಲ್ಯೂಮಿನಿಯಂ ಗಾಡಿಯನ್ನು ರೂಪಿಸಿದರು. ಅದರ ತೂಕ ಮೂರು ಕಿಲೋಗಿಂತ ಕಡಿಮೆ ಇತ್ತು. ಇನ್ನು ಮೂರು ಚಕ್ರದ ಜಾಗಿಂಗ್ ಸ್ಟ್ರಾಲರ್ ಬಂದದ್ದು 1980ರ ದಶಕದಲ್ಲಿ. ಅಮೆರಿಕದ ಫಿಲ್ ಬೇಕ್ಲರ್ ಎಂಬ ಓಟದ ಹವ್ಯಾಸಿ ತಮ್ಮ ಮಗನನ್ನೂ ಜೊತೆಗೆ ಕರೆದೊಯ್ಯಬೇಕೆಂದು ಸಾಧಾರಣ ಗಾಡಿಗೆ ಸೈಕಲ್ ಚಕ್ರ ಜೋಡಿಸಿದರು. ಭಾರವಾದ ತೊಟ್ಟಿಲುಗಾಡಿ, ಮಡಿಚುವ ಹಗುರ ಗಾಡಿ, ಓಡುವವರ ದೊಡ್ಡ ಚಕ್ರದ ಗಾಡಿ: ಇಂದಿನ ಬಹುಪಾಲು ಮಾದರಿಗಳು ಈ ಮೂರರ ಸಂತಾನವೇ. ಮೂವರ ಗುಣವೂ ಒಂದೇ ಗಾಡಿಯಲ್ಲಿದೆ ಎಂದು ಹೇಳುವ ಜಾಹೀರಾತನ್ನು ನಂಬುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು. ಹಗುರವಾಗಿರುವುದಕ್ಕೂ ಕುಲುಕದೆ ಸಾಗುವುದಕ್ಕೂ ನಡುವೆ ಒಂದು ಎಳೆದಾಟ ಇದ್ದೇ ಇರುತ್ತದೆ.

ಆ ಎಳೆದಾಟ ಎದ್ದು ಕಾಣುವುದು ಚಕ್ರದಲ್ಲಿ. ನಮ್ಮ ಬೀದಿಯ ಫುಟ್‌ಪಾತು ಮಳೆನೀರಿನ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳ ಸಾಲು. ಚಪ್ಪಡಿಗೂ ಚಪ್ಪಡಿಗೂ ನಡುವೆ ಎರಡು ಬೆರಳು ಹಿಡಿಸುವಷ್ಟು ಸಂದು, ಒಂದು ಚಪ್ಪಡಿ ಪಕ್ಕದ್ದಕ್ಕಿಂತ ಅಂಗುಲದಷ್ಟು ಮೇಲೆ, ಮುಂದಿನದು ಮೂಲೆ ಮುರಿದದ್ದು. ಸ್ನೇಹಿತೆಯೊಬ್ಬಳಿಂದ ಪರೀಕ್ಷೆಗೆಂದು ತಂದ ಪುಟ್ಟ ಚಕ್ರದ ಗಾಡಿಯನ್ನು ಅಲ್ಲಿ ತಳ್ಳಿದಾಗ ಏನಾಗುತ್ತದೆಂದು ಬಗ್ಗಿ ನೋಡಿದೆ. ಮುಂದಿನ ಜೋಡಿ ಚಕ್ರ ಸಂದಿನ ಬಳಿ ಬಂದೊಡನೆ ಬಲಕ್ಕೆ ತಿರುಗಿ, ಸಂದಿನ ಉದ್ದಕ್ಕೇ ಮಲಗಿ, ಗಕ್ಕನೆ ನಿಂತಿತು. ಹಿಂದಿನಿಂದ ನನ್ನ ತಳ್ಳುವಿಕೆ ಮುಂದುವರಿದಿದ್ದರಿಂದ ಸೀಟು ಮುಂದಕ್ಕೆ ಬಾಗಿತು. ಒಳಗೆ ಮಗುವಿನ ಬದಲು ಐದು ಕಿಲೋ ಅಕ್ಕಿಯ ಎರಡು ಚೀಲ ಇಟ್ಟಿದ್ದೆವು, ಬೆಲ್ಟು ಅವನ್ನು ಹಿಡಿದುಕೊಂಡಿತು. ಅದೇ ಜಾಗದಲ್ಲಿ ಹನ್ನೆರಡು ಇಂಚಿನ ಗಾಳಿ ತುಂಬಿದ ಚಕ್ರ ಸಂದನ್ನು ಲೆಕ್ಕಿಸದೆ ದಾಟಿತು. ಕಾರಣ ಸರಳ: ಚಕ್ರದ ತ್ರಿಜ್ಯ ದೊಡ್ಡದಾದಷ್ಟೂ ಎದುರಾದ ಉಬ್ಬನ್ನು ಹತ್ತಲು ಬೇಕಾಗುವ ಬಲ ಕಡಿಮೆಯಾಗುತ್ತದೆ, ಉಬ್ಬಿನ ಎತ್ತರ ತ್ರಿಜ್ಯದಷ್ಟೇ ಆದರೆ ನೀವು ಎಷ್ಟೇ ಬಲ ಹಾಕಿ ನೇರ ತಳ್ಳಿದರೂ ಚಕ್ರ ಹತ್ತುವುದೇ ಇಲ್ಲ.

ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಪಾದಚಾರಿ ಮಾರ್ಗಸೂಚಿ ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ನಡೆಯಲು ಕನಿಷ್ಠ 1.8 ಮೀಟರ್ ಅಗಲದ ಅಡೆತಡೆಯಿಲ್ಲದ ಜಾಗ ಇರಬೇಕು ಎನ್ನುತ್ತದೆ. ಹನ್ನೆರಡು ಇಂಚಿನ ಚಕ್ರದ ತ್ರಿಜ್ಯವೂ ಸರಿಸುಮಾರು 150 ಮಿಲಿಮೀಟರೇ. ಅಂದರೆ ನಿಯಮದಂತೆ ಕಟ್ಟಿದ ಅಂಚನ್ನು ಕೂಡ ಇಳಿಜಾರು ಇಲ್ಲದ ಕಡೆ ದೊಡ್ಡ ಚಕ್ರವೂ ತಾನಾಗಿ ಹತ್ತಲಾರದು, ಹ್ಯಾಂಡಲ್ ಒತ್ತಿ ಮುಂದಿನ ಚಕ್ರವನ್ನು ಎತ್ತಲೇಬೇಕು. ನಮ್ಮ ಬಹಳಷ್ಟು ಬೀದಿಗಳ ಅಂಚು ಅದಕ್ಕಿಂತಲೂ ಎತ್ತರ. ಆದ್ದರಿಂದ ಹ್ಯಾಂಡಲನ್ನು ಅಂಗೈಯಿಂದ ಕೆಳಕ್ಕೆ ಒತ್ತಿದರೆ ಗಾಡಿಯ ಮೂತಿ ಎಷ್ಟು ಸಲೀಸಾಗಿ ಮೇಲೇಳುತ್ತದೆ ಎಂಬುದನ್ನು ಮಗುವಿನಷ್ಟು ಭಾರ ಇಟ್ಟು ಪರೀಕ್ಷಿಸಿ ನೋಡಬೇಕು. ಚರ್ಚ್ ಸ್ಟ್ರೀಟಿನಂಥ ಹೊಸದಾಗಿ ಕಟ್ಟಿದ ಬೀದಿಗಳಲ್ಲಿ ಗಾಡಿ ತಳ್ಳುವುದು ಹಿತವಾಗಿದೆ. ಆದರೆ ಬೈಕುಗಳು ಹತ್ತಬಾರದೆಂದು ಫುಟ್‌ಪಾತಿನ ತುದಿಯಲ್ಲಿ ನೆಟ್ಟ ಕಂಬಗಳು, ಕೆಲವು ಪಾರ್ಕುಗಳ ಬಾಗಿಲಲ್ಲಿರುವ ತಿರುಗು ಗೇಟುಗಳು ಅಗಲದ ಗಾಡಿಗಳನ್ನು ಹೊರಗೇ ನಿಲ್ಲಿಸುತ್ತವೆ. ಗಾಲಿಕುರ್ಚಿಯಲ್ಲಿ ಬರುವವರಿಗೂ ಅದೇ ಗತಿ ಎಂಬುದು ನನಗೆ ಗಾಡಿ ತಳ್ಳುವ ಮುಂಚೆ ಇಷ್ಟು ಗಾಢವಾಗಿ ತಟ್ಟಿರಲಿಲ್ಲ. ನಾನು ಟೇಪು ಹಿಡಿದು ನಮ್ಮ ಪಾರ್ಕಿನ ಗೇಟು, ಅಪಾರ್ಟ್‌ಮೆಂಟಿನ ಲಿಫ್ಟು, ಮನೆಯ ಮುಂಬಾಗಿಲು ಮೂರನ್ನೂ ಅಳೆದಿಟ್ಟುಕೊಂಡೇ ಅಂಗಡಿಗೆ ಹೋದದ್ದು. ಒಂಟಿ ಸೀಟಿನ ಗಾಡಿಗಳು ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ಅಗಲ ಇರುತ್ತವೆ. ಅವಳಿ ಮಕ್ಕಳಿಗಾಗಿ ಪಕ್ಕಪಕ್ಕ ಸೀಟಿರುವ ಗಾಡಿ ಕೊಳ್ಳುವವರಂತೂ ಈ ಅಳತೆ ಇಲ್ಲದೆ ಹೊರಡಲೇಬಾರದು.

ಗಾಳಿ ತುಂಬಿದ ಟೈರು ಎಂದರೆ ಪಂಕ್ಚರ್ ಭಯ ಇದ್ದದ್ದೇ. ಜಾಲಿ ಮುಳ್ಳು ಸ್ಟ್ರಾಲರ್ ಎಂದು ಕರುಣೆ ತೋರಿಸುವುದಿಲ್ಲ. ಆದರೆ ಹನ್ನೆರಡು, ಹದಿನಾರು ಇಂಚಿನ ಟ್ಯೂಬುಗಳು ಮಕ್ಕಳ ಸೈಕಲ್ಲಿಗೂ ಬರುವ ಅಳತೆಗಳಾದ್ದರಿಂದ ಬಡಾವಣೆಯ ಸೈಕಲ್ ಶಾಪಿನಲ್ಲಿ ಸಿಗುವ ಸಾಧ್ಯತೆ ಹೆಚ್ಚು. ವಾಲ್ವ್ ಬೈಕು ಕಾರುಗಳದರಂತೆಯೇ ಇದ್ದರೆ ಪೆಟ್ರೋಲ್ ಬಂಕಿನಲ್ಲೋ ಪಂಕ್ಚರ್ ಅಂಗಡಿಯಲ್ಲೋ ಗಾಳಿ ಹಿಡಿಸಬಹುದು. ಟೈರಿನ ಮೇಲೆ ಬರೆದಿರುವ ಒತ್ತಡದ ಮಿತಿಯನ್ನು ಮೀರದಂತೆ ಹೇಳಿ ಹಿಡಿಸಬೇಕು ಅಷ್ಟೆ. ಈ ತಾಪತ್ರಯ ಬೇಡ ಎನ್ನುವವರಿಗೆ ಒಳಗೆ ಫೋಮ್ ತುಂಬಿದ ಚಕ್ರಗಳು ನಡುವಿನ ದಾರಿ.

ಇನ್ನು ಓಟ. ನನ್ನವರಿಗೆ ಮಗಳ ಜೊತೆ ಓಡುವ ಆಸೆ ಬಹಳ ಇತ್ತು, ಇದರ ಬಗ್ಗೆ ನಾವಿಬ್ಬರೂ ಓದಿದ್ದೂ ಬಹಳ. ಸಾಧಾರಣ ಸ್ಟ್ರಾಲರ್ ತಳ್ಳಿಕೊಂಡು ಓಡಲೇಬಾರದು. ಅದರ ಮುಂದಿನ ಚಕ್ರ ಎಲ್ಲ ದಿಕ್ಕಿಗೂ ತಿರುಗುವಂಥದ್ದು. ವೇಗ ಹೆಚ್ಚಿದಾಗ ಅದು ಎಡಬಲಕ್ಕೆ ಪಟಪಟನೆ ಅಲುಗಾಡತೊಡಗಿ, ಒಂದು ಸಣ್ಣ ಕಲ್ಲು ಸಿಕ್ಕರೂ ಗಾಡಿಯನ್ನು ಅಡ್ಡ ಎಳೆದುಬಿಡುತ್ತದೆ. ಓಡಲೆಂದೇ ಮಾಡಿದ ಗಾಡಿಯಲ್ಲಿ ಮುಂದಿನ ಚಕ್ರವನ್ನು ನೇರಕ್ಕೆ ಲಾಕ್ ಮಾಡಬಹುದು, ಕುಲುಕು ತಗ್ಗಿಸುವ ಸಸ್ಪೆನ್ಷನ್ ಇರುತ್ತದೆ, ಇಳಿಜಾರಿನಲ್ಲಿ ಕೈ ಜಾರಿದರೂ ಗಾಡಿ ಓಡಿಹೋಗದಂತೆ ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿ ಇರುತ್ತದೆ, ಉತ್ತಮವಾದವುಗಳಲ್ಲಿ ಕೈಬ್ರೇಕೂ ಇರುತ್ತದೆ. ಅಷ್ಟೆಲ್ಲ ಇದ್ದರೂ ಕತ್ತು ಪೂರ್ತಿ ನಿಲ್ಲದ ಕೂಸನ್ನು ಕೂರಿಸಿಕೊಂಡು ಓಡುವಂತಿಲ್ಲ. ಆರರಿಂದ ಎಂಟು ತಿಂಗಳು ತುಂಬುವವರೆಗೆ ಕಾಯಿರಿ, ಆಮೇಲೂ ಮಕ್ಕಳ ಡಾಕ್ಟರನ್ನು ಕೇಳಿಯೇ ಶುರುಮಾಡಿ ಎಂಬುದು ಸಾಮಾನ್ಯ ಸಲಹೆ. ನಾವು ಹಾಗೆಯೇ ಮಾಡಿದೆವು. ಈ ಗಾಡಿಗಳಲ್ಲಿ ಕಳಚಿ ಹಾಕುವ ಮುಂದಿನ ಚಕ್ರವನ್ನು ಪ್ರತಿ ಸಲ ಹೊರಡುವ ಮುನ್ನ ಎಳೆದು ನೋಡುವುದು ಅಗತ್ಯ. ಸರಿಯಾಗಿ ಬಿಗಿಯಾಗದ ಚಕ್ರ ಓಡುವಾಗ ಕಳಚಿ ಬೀಳುತ್ತಿದೆ ಎಂಬ ದೂರಿನ ಮೇಲೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2018ರಲ್ಲಿ ಒಂದು ದೊಡ್ಡ ತಯಾರಕರ ಮೇಲೆ ಮೊಕದ್ದಮೆಯನ್ನೇ ಹೂಡಿತ್ತು.

ಲಾಲ್‌ಬಾಗಿನ 240 ಎಕರೆಯೊಳಗಿನ ಡಾಂಬರು ದಾರಿಗಳು ಇಂಥ ಗಾಡಿಗೆ ಹೇಳಿಮಾಡಿಸಿದಂತಿವೆ. ಭಾನುವಾರ ವಾಹನಗಳಿಗೆ ಬಾಗಿಲು ಮುಚ್ಚುವ ಕಬ್ಬನ್ ಪಾರ್ಕಿನಲ್ಲಂತೂ ಮಗಳಿಗೆ ದಾರಿಯುದ್ದಕ್ಕೂ ನಾಯಿ, ಸೈಕಲ್ಲು, ಬಲೂನು ನೋಡುವ ಸಂಭ್ರಮ. ಆದರೆ ಮನೆಯಿಂದ ಅಲ್ಲಿಗೆ ತಲುಪುವುದು ಬೇರೆಯೇ ಪರೀಕ್ಷೆ. ಓಟದ ಗಾಡಿ ಹನ್ನೊಂದರಿಂದ ಹದಿನಾಲ್ಕು ಕಿಲೋ ತೂಗುತ್ತದೆ, ಮಡಿಚಿದರೂ ಒಂದು ಟ್ರಂಕಿನಷ್ಟು ಜಾಗ ಬೇಡುತ್ತದೆ. ಬೆಂಗಳೂರಿನ ಬಹಳಷ್ಟು ಬಾಡಿಗೆ ಕಾರುಗಳ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿರುತ್ತದೆ; ಡ್ರೈವರ್ ಡಿಕ್ಕಿ ತೆರೆದು, ಸಿಲಿಂಡರಿಗೂ ಬಾಗಿಲಿಗೂ ನಡುವೆ ಉಳಿದ ಗೇಣಗಲದ ಜಾಗವನ್ನು ತೋರಿಸಿ, "ಇಷ್ಟೇ ಮೇಡಂ ಇರೋದು" ಎಂದಾಗ ಕ್ಯಾಟಲಾಗಿನ ಯಾವ ವಿವರಣೆಯೂ ನೆರವಿಗೆ ಬರುವುದಿಲ್ಲ. ಆಟೋದಲ್ಲಿ ಗಾಡಿ ಇಡಲು ಇರುವುದು ಸೀಟಿನ ಹಿಂದಿನ ಕಿರಿದಾದ ಕಟ್ಟೆ, ಇಲ್ಲವೇ ನಮ್ಮ ಮೊಣಕಾಲುಗಳ ನಡುವಿನ ಜಾಗ. ಮೆಟ್ರೋ ಎಷ್ಟೋ ವಾಸಿ: ಲಿಫ್ಟ್ ಇದೆ, ಅಗಲವಾದ ಗೇಟಿನಿಂದ ಸಿಬ್ಬಂದಿ ಒಳಗೆ ಬಿಡುತ್ತಾರೆ, ಬೋಗಿಯ ನೆಲಕ್ಕೂ ಪ್ಲಾಟ್‌ಫಾರ್ಮಿಗೂ ಹೆಚ್ಚು ವ್ಯತ್ಯಾಸವಿಲ್ಲ. ಮೈಸೂರಿನ ರೈಲಿಗೆ ಹತ್ತುವಾಗ ಮಾತ್ರ ಮಗು ಒಂದು ಕೈಯಲ್ಲಿ, ಮಡಿಚಿದ ಗಾಡಿ ಇನ್ನೊಂದು ಕೈಯಲ್ಲಿ, ಹಿಂದಿನಿಂದ ಜನ ತಳ್ಳುತ್ತಿರುವಾಗ ಕಿರಿದಾದ ಬಾಗಿಲಿನ ಮೆಟ್ಟಿಲು ಹತ್ತಬೇಕು. ಅಲ್ಲಿ ಆರು ಕಿಲೋಗಿಂತ ಒಂದು ಕಿಲೋ ಹೆಚ್ಚಾದರೂ ಭುಜಕ್ಕೆ ತಿಳಿಯುತ್ತದೆ. ವಿಮಾನದ ಕ್ಯಾಬಿನ್ನಿಗೆಂದೇ ಮಾಡಿದ, ಮಡಿಚಿದಾಗ ಸೂಟ್‌ಕೇಸಿನಷ್ಟೇ ಆಗುವ ಗಾಡಿಗಳು ಈ ಪ್ರಯಾಣಕ್ಕೆ ತಕ್ಕವು.

ಒಂದೇ ಕೈಯಲ್ಲಿ ಮಡಿಚಬಹುದು ಎಂಬ ಮಾತನ್ನು ಎಲ್ಲ ಮಾರಾಟಗಾರರೂ ಹೇಳುತ್ತಾರೆ. ಅದನ್ನು ಅವರ ಕೈಯಲ್ಲಿ ನೋಡಬಾರದು, ನಿಮ್ಮ ಮನೆಯ ಅತಿ ಹಿರಿಯರ ಕೈಯಲ್ಲಿ ನೋಡಬೇಕು. ನಮ್ಮಲ್ಲಿ ಸಂಜೆ ಗಾಡಿ ತಳ್ಳುವವರು ಮಾವನವರು. ಅವರಿಗೆ ಬಗ್ಗಿ ಗುಂಡಿ ಒತ್ತುವುದು ಕಷ್ಟ, ಚಪ್ಪಲಿ ಕಾಲಿನ ಬೆರಳಿನಿಂದ ಬ್ರೇಕನ್ನು ಮೇಲಕ್ಕೆತ್ತುವುದು ಇನ್ನೂ ಕಷ್ಟ. ಒತ್ತಿದರೆ ಹಾಕಿಕೊಂಡು, ಮತ್ತೆ ಒತ್ತಿದರೆ ಬಿಟ್ಟುಕೊಳ್ಳುವ ಬ್ರೇಕ್ ಅವರಿಗೆ ಸರಿಹೋಯಿತು. ಅವರು ನನಗಿಂತ ಒಂದು ಅಡಿ ಎತ್ತರ, ಹಾಗಾಗಿ ಹ್ಯಾಂಡಲ್ ಏರಿಳಿಸುವ ಸೌಲಭ್ಯ ನಮಗೆ ಅನಿವಾರ್ಯವಾಗಿತ್ತು. ಅಂಗಡಿಯಲ್ಲಿ ಅವರನ್ನೇ ಮುಂದೆ ನಿಲ್ಲಿಸಿ ಮಡಿಚಲು ಬಿಚ್ಚಲು ಹೇಳಿದೆವು. ಮಾರಾಟದ ಹುಡುಗ ತಾಳ್ಮೆಯಿಂದ ಕಾದದ್ದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಮೂರನೆಯ ಮಾದರಿ ಅವರ ಕೈಗೆ ತಾನಾಗಿ ಒಗ್ಗಿತು, "ಇದು ನಡೀತದೆ" ಎಂದರು. ನಮ್ಮ ಆಯ್ಕೆಯ ಬಹುಭಾಗ ಅಲ್ಲಿಗೆ ಮುಗಿದಿತ್ತು.

ಒಳಗೆ ಕೂರುವವಳ ಕಡೆಯಿಂದಲೂ ನೋಡಬೇಕಲ್ಲ. ಮೊದಲ ತಿಂಗಳುಗಳಲ್ಲಿ ಸೀಟು ಬಹುತೇಕ ಮಟ್ಟಸವಾಗಿ ಮಲಗುವಂತಿರಬೇಕು, ಏಕೆಂದರೆ ಕತ್ತು ನಿಲ್ಲದ ಕೂಸು ಕೂತ ಭಂಗಿಯಲ್ಲಿ ನಿದ್ದೆಹೋದರೆ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು ಹೀಗೆ ಐದು ಕಡೆ ಹಿಡಿಯುವ ಬೆಲ್ಟಿಲ್ಲದ ಗಾಡಿಯನ್ನು ನಾನು ಮುಟ್ಟುವುದೂ ಇಲ್ಲ. ಮಡಿಚುವ ಕೀಲುಗಳಲ್ಲಿ ಬೆರಳು ಸಿಕ್ಕುವಂಥ ತೆರೆದ ಜಾಗ ಇದೆಯೇ ಎಂದೂ ನೋಡಬೇಕು. ಕೊಡೆಮಡಿಕೆಯನ್ನು ಜಗತ್ತಿಗೆ ಕೊಟ್ಟ ಮ್ಯಾಕ್ಲಾರೆನ್ ಕಂಪನಿಯೇ 2009ರಲ್ಲಿ, ಅಮೆರಿಕದಲ್ಲಿ ಹನ್ನೆರಡು ಮಕ್ಕಳ ಬೆರಳ ತುದಿ ಕೀಲಿಗೆ ಸಿಕ್ಕಿ ತುಂಡಾದ ವರದಿಗಳ ನಂತರ, ಸುಮಾರು ಹತ್ತು ಲಕ್ಷ ಗಾಡಿಗಳನ್ನು ಮರಳಿ ಕರೆಸಿ ಕೀಲಿಗೆ ಹೊದಿಕೆ ಒದಗಿಸಬೇಕಾಯಿತು. ಗಾಡಿ ಬಿಚ್ಚುವಾಗ ಮಗು ಕೈಗೆಟುಕದಷ್ಟು ದೂರ ಇರಲಿ ಎಂಬ ನಿಯಮವನ್ನು ನಮ್ಮ ಮನೆಯಲ್ಲಿ ಎಲ್ಲರೂ ಪಾಲಿಸುತ್ತೇವೆ. ಹ್ಯಾಂಡಲಿಗೆ ತರಕಾರಿ ಚೀಲ ನೇತುಹಾಕುವುದನ್ನೂ ಬಿಟ್ಟಿದ್ದೇವೆ. ಮಗುವನ್ನು ಎತ್ತಿಕೊಂಡ ಮರುಕ್ಷಣ ಹಗುರ ಗಾಡಿ ಹಿಂದಕ್ಕೆ ಮಗುಚುತ್ತದೆ. ಚೀಲಕ್ಕೆ ಸೀಟಿನ ಕೆಳಗಿನ ಬುಟ್ಟಿಯೇ ಸರಿಯಾದ ಜಾಗ.

ಮಗು ನಮ್ಮ ಕಡೆ ಮುಖ ಮಾಡಿರಬೇಕೋ ಬೀದಿಯ ಕಡೆಯೋ ಎಂಬುದು ನನಗೆ ಬಹಳ ಮುಖ್ಯವಾದ ವಿಚಾರ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಜಾನ್ ಝೀಡಿಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗು ತಮ್ಮ ಕಡೆ ಮುಖ ಮಾಡಿದ್ದಾಗ ಹೆತ್ತವರು ಸುಮಾರು ಎರಡರಷ್ಟು ಹೆಚ್ಚು ಮಾತನಾಡುತ್ತಿದ್ದುದು ಕಂಡುಬಂತು. ಇದನ್ನು ಓದಿದ ಮೇಲೆ ಎರಡೂ ದಿಕ್ಕಿಗೆ ತಿರುಗಿಸಬಲ್ಲ ಸೀಟನ್ನೇ ಹುಡುಕಿದೆವು. ಮೊದಲ ವರ್ಷ ಅವಳು ನನ್ನ ಮುಖ ನೋಡುತ್ತಾ ಸಾಗಿದಳು, ನಾನು ಎದುರು ಬಂದ ಎಮ್ಮೆ, ಹೂವಿನ ಗಾಡಿ, ಹಾಲಿನ ಬೂತು ಎಲ್ಲದರ ವರದಿ ಒಪ್ಪಿಸುತ್ತಾ ನಡೆದೆ. ನಡೆಯಲು ಕಲಿತ ಮೇಲೆ ಅವಳೇ ಬೀದಿ ನೋಡಲು ಹಟ ಹಿಡಿದಳು.

ಬೀದಿ ನೋಡುವ ಮಗುವಿನ ಮೂಗು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಇಂಗ್ಲೆಂಡಿನ ಸರ್ರೇ ವಿಶ್ವವಿದ್ಯಾಲಯದ ಪ್ರಶಾಂತ್ ಕುಮಾರ್ ಅವರ ತಂಡ 2018ರಲ್ಲಿ ತೋರಿಸಿಕೊಟ್ಟಂತೆ, ಸ್ಟ್ರಾಲರಿನಲ್ಲಿರುವ ಮಗು ನೆಲದಿಂದ 0.55ರಿಂದ 0.85 ಮೀಟರ್ ಎತ್ತರದಲ್ಲಿ ಉಸಿರಾಡುತ್ತದೆ. ವಾಹನಗಳ ಹೊಗೆ ಕೊಳವೆಗಳೂ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಇರುವುದರಿಂದ, ಪಕ್ಕದಲ್ಲಿ ನಡೆಯುವ ದೊಡ್ಡವರಿಗಿಂತ ಶೇಕಡಾ 60ರಷ್ಟು ಹೆಚ್ಚು ಮಾಲಿನ್ಯ ಅದರ ಪಾಲಿಗೆ ಬರಬಹುದು. ನಮ್ಮ ಸಿಗ್ನಲ್ಲುಗಳ ಬಳಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೀಟು ಎತ್ತರವಿರುವ ಮಾದರಿಯನ್ನು ಆರಿಸಿದ್ದಕ್ಕೆ ಇದೂ ಒಂದು ಕಾರಣ. ಅದಕ್ಕಿಂತ ಹೆಚ್ಚು ಉಪಯೋಗವಾದದ್ದು ದಾರಿ ಬದಲಿಸಿದ್ದು: ಮುಖ್ಯರಸ್ತೆ ಬಿಟ್ಟು, ಸುತ್ತಾದರೂ ಪರವಾಗಿಲ್ಲ ಎಂದು ಮರಗಳಿರುವ ಅಡ್ಡರಸ್ತೆಗಳಲ್ಲಿ ಹೋಗುತ್ತೇವೆ, ಸಿಗ್ನಲ್ಲಿನಲ್ಲಿ ವಾಹನಗಳ ಸಾಲಿನಿಂದ ದೂರ ನಿಲ್ಲುತ್ತೇವೆ. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಗಾಡಿಯ ಮೇಲೆ ವೇಲು ಹೊದಿಸುವುದನ್ನು ಎಷ್ಟೋ ತಾಯಂದಿರು ಮಾಡುತ್ತಾರೆ. ಒಣಬಟ್ಟೆ ಗಾಳಿಯಾಡುವುದನ್ನು ತಡೆದು ಒಳಗಿನ ಬಿಸಿಯನ್ನು ಏರಿಸುತ್ತದೆ, ಮಗುವಿನ ಮುಖವೂ ನಮಗೆ ಕಾಣುವುದಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಅಗಲವಾಗಿ ಮುಂದಕ್ಕೆ ಬಾಗುವ ಮೇಲ್ಚಾವಣಿ, ಬೆನ್ನಿನ ಕಡೆ ಬಲೆಬಟ್ಟೆಯ ಕಿಟಕಿ ಇರುವ ಗಾಡಿ ನಮ್ಮ ಹವೆಗೆ ಸರಿ. ಮಳೆಗಾಲಕ್ಕೆ ಗಾಳಿರಂಧ್ರ ಇರುವ ಪ್ಲಾಸ್ಟಿಕ್ ಹೊದಿಕೆಯನ್ನು ಗಾಡಿಯ ಜೊತೆಯಲ್ಲೇ ಕೊಳ್ಳುವುದು ಮೇಲು.

ಕೊನೆಗೆ ನಾವು ಮಾಡಿದ್ದು ಹೀಗೆ. ದಿನನಿತ್ಯಕ್ಕೆಂದು ಮಧ್ಯಮ ಅಳತೆಯ ಫೋಮ್ ಚಕ್ರದ, ತಿರುಗುವ ಸೀಟಿನ, ಮಾವನವರ ಕೈಗೆ ಒಗ್ಗಿದ ಗಾಡಿಯನ್ನು ಕೊಂಡೆವು. ರೈಲು ಪ್ರಯಾಣಕ್ಕೂ ಅದನ್ನೇ ಹೊಂದಿಸಿಕೊಳ್ಳುತ್ತೇವೆ, ತೂಕ ಸ್ವಲ್ಪ ಹೆಚ್ಚೇ ಆದರೂ. ಓಟದ ಗಾಡಿ ಹೊಸದಾಗಿ ಕೊಳ್ಳಲು ನಮ್ಮ ಮನೆಗೆ ಬಲು ದುಬಾರಿ. ಹೊರದೇಶದಿಂದ ಬರುವ ಒಳ್ಳೆಯ ಮಾದರಿಗಳ ಬೆಲೆ ಹತ್ತಾರು ಸಾವಿರ ದಾಟುತ್ತದೆ. ಮಗು ಅದರಲ್ಲಿ ಕೂರುವ ಕಾಲವಾದರೋ ಬಹಳವೆಂದರೆ ಎರಡು ಎರಡೂವರೆ ವರ್ಷ. ಆದ್ದರಿಂದ ಅಪಾರ್ಟ್‌ಮೆಂಟಿನ ಒಂದು ಕುಟುಂಬ ಬಳಸಿ ಮುಗಿಸಿದ್ದನ್ನು ಕಡಿಮೆ ಬೆಲೆಗೆ ತೆಗೆದುಕೊಂಡೆವು. ಬೆಟ್ಟಗುಡ್ಡಕ್ಕೆ ಯಾವ ಗಾಡಿಯೂ ಬೇಡ. ನಂದಿಬೆಟ್ಟದ ಮೆಟ್ಟಿಲಿಗೂ ಚಾಮುಂಡಿಬೆಟ್ಟದ ಮೆಟ್ಟಿಲಿಗೂ ಬೆನ್ನಿಗೆ ಕಟ್ಟಿಕೊಳ್ಳುವ ಕ್ಯಾರಿಯರ್ರೇ ಗತಿ. ಅತ್ತೆಯವರ ಮಾತು ಅಲ್ಲಿ ಪೂರ್ತಿ ಗೆಲ್ಲುತ್ತದೆ.

ಬಳಸಿದ ಗಾಡಿ ಕೊಳ್ಳುವವರಿಗೆ ನನ್ನ ವಿನಂತಿ ಇಷ್ಟೇ. ಬೆಲ್ಟಿನ ಬಕಲನ್ನು ಹಲವು ಸಲ ಹಾಕಿ ತೆಗೆದು ನೋಡಿ, ಹೊಲಿಗೆ ಎಳೆದು ನೋಡಿ, ಇಳಿಜಾರಿನಲ್ಲಿ ಭಾರ ಇಟ್ಟು ಬ್ರೇಕ್ ಹಾಕಿ ನಿಲ್ಲಿಸಿ ನೋಡಿ, ಮಡಿಕೆಯ ಲಾಕು ಕಟ್ ಎಂದು ಕೂರುವ ಸದ್ದು ಕೇಳಿಸಿಕೊಳ್ಳಿ, ಮಾದರಿಯ ಹೆಸರು ಹಾಕಿ ಅದು ಎಂದಾದರೂ ಮರಳಿ ಕರೆಸಲ್ಪಟ್ಟಿತ್ತೇ ಎಂದು ಹುಡುಕಿ. ಗಾಡಿ ಹೊರುವ ತೂಕದ ಮಿತಿಯನ್ನೂ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಓದಿ: ಯುರೋಪಿನ ಇಎನ್ 1888 ಮಾನದಂಡದ ಮೊದಲ ಭಾಗ 15 ಕಿಲೋವರೆಗಿನ ಮಕ್ಕಳ ಗಾಡಿಗಳದ್ದು, ಎರಡನೆಯ ಭಾಗ 22 ಕಿಲೋವರೆಗಿನದ್ದು. ನಮ್ಮ ಓಟದ ಗಾಡಿಗೆ ಹೊಸ ಟ್ಯೂಬು, ಹೊಸ ಮಣಿಕಟ್ಟಿನ ಪಟ್ಟಿ ಹಾಕಿಸಿದ್ದೇವೆ. ಮುಂದಿನ ವರ್ಷ ಅದು ಧಾರವಾಡದಲ್ಲಿರುವ ನನ್ನ ತಮ್ಮನ ಮನೆಗೆ ಹೋಗಲಿದೆ, ಅವನು ಈಗಲೇ ತನ್ನ ಬೀದಿಯ ಫುಟ್‌ಪಾತಿನ ಅಂಚನ್ನು ಅಳೆದು ಕಳಿಸಿದ್ದಾನೆ.